ಹೆಚ್ಚಾದವೋ, ಇತ್ತ ಬಂದವೋ? – ಜೀವಿಸಂಖ್ಯೆಯ ಮೂಲ ಪರಿಕಲ್ಪನೆಗಳ ಬೋಧನೆ

ಪೀಠಿಕೆ

ಕೆಲವು ವರ್ಷಗಳ ಹಿಂದೆ ಮಡಕಶಿರಾ ಭಾಗದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಮಾದರಿ ಪಾಠವೊಂದನ್ನು ನಡೆಸಿದೆ. ವಿಷಯ ಜೀವಿಸಂಖ್ಯೆ. ಕರಿಹಲಗೆಯ ಮೇಲೆ ಅಂದವಾದ ರೇಖಾಚಿತ್ರ ಬರೆದು, ಎಲ್ಲಿಯೋ ದೂರದ ದ್ವೀಪವೊಂದರ ಜಿಂಕೆಗಳ ಉದಾಹರಣೆ ಕೊಟ್ಟು, ವ್ಯಾಖ್ಯೆಗಳನ್ನು ಬರೆಸುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಈ ವರ್ಷ ನಮ್ಮ ಹೊಲಕ್ಕೆ ಜಿಂಕೆ ಜಾಸ್ತಿ ಬೀಳ್ತಾ ಇದಾವೆ. ಅವು ಹೆಚ್ಚಾಗಿರೋದಾ, ಇಲ್ಲ ಎಲ್ಲಿಂದಲೋ ಈ ಕಡೆ ಬಂದಿರೋದಾ?" "ಕೊನೆಯಲ್ಲಿ ನೋಡೋಣ, ಕೂತ್ಕೋ ತಾಯಿ" ಎಂದೆ. ಗಂಟೆ ಬಾರಿಸಿತು, ಆ ಕೊನೆ ಬರಲೇ ಇಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ನನಗೆ ಹೊಳೆಯಿತು: ನಾನು ಬರೆಸಿದ ಎಲ್ಲ ವ್ಯಾಖ್ಯೆಗಳ ತಿರುಳು ಆ ಒಂದು ಪ್ರಶ್ನೆಯಲ್ಲಿಯೇ ಇತ್ತು. ಜೀವಿಸಂಖ್ಯಾ ವಿಜ್ಞಾನವೆಂದರೆ ಎಣಿಸುವುದು ಮಾತ್ರವಲ್ಲ. ಎಣಿಕೆ ಬದಲಾದಾಗ ಅದು ಯಾವ ದಾರಿಯಿಂದ ಬದಲಾಯಿತು ಎಂದು ಕೇಳುವುದು. ಅಂದು ಕೊಡಲಾಗದ ಉತ್ತರವನ್ನು ಕೊಡುವ ಪ್ರಯತ್ನವೇ ಈ ಪಾಠಲೇಖನ. 8ರಿಂದ 10ನೆಯ ತರಗತಿಯವರೆಗೆ ವಿಜ್ಞಾನ ಬೋಧಿಸುವ ಶಿಕ್ಷಕ ಬಂಧುಗಳು ಇದನ್ನು ನಾಲ್ಕು ಅವಧಿಗಳಲ್ಲಿ ಹಂಚಿಕೊಂಡು ಬೋಧಿಸಬಹುದು.

1. ಪದದಿಂದ ಆರಂಭಿಸೋಣ

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪಠ್ಯದಲ್ಲಿ ಪಾರಿಭಾಷಿಕ ಕನ್ನಡ, ಹೀಗೆ ಮೂರು ನೆಲೆಗಳಲ್ಲಿ ಓಡಾಡುವವರು. ತೆಲುಗಿನಲ್ಲಿ ‘ಜನಾಭಾ’ ಎಂಬ ಪದ ಮನುಷ್ಯರ ಎಣಿಕೆಗೂ ಪ್ರಾಣಿಗಳ ಎಣಿಕೆಗೂ ಬಳಕೆಯಲ್ಲಿದೆ. ಕನ್ನಡದಲ್ಲಿ ‘ಜನಸಂಖ್ಯೆ’ ಎಂದೊಡನೆ ಮನುಷ್ಯರೇ ಕಣ್ಣ ಮುಂದೆ ಬರುತ್ತಾರೆ. ಆದುದರಿಂದ ಇಲ್ಲಿ ‘ಜೀವಿಸಂಖ್ಯೆ’ ಎಂಬ ಪದವನ್ನು ಬಳಸುತ್ತೇನೆ.

ಒಂದು ನಿರ್ದಿಷ್ಟ ಪ್ರದೇಶದಲ್ಲಿ, ಒಂದು ನಿರ್ದಿಷ್ಟ ಕಾಲದಲ್ಲಿ ಬಾಳುತ್ತಿರುವ ಒಂದೇ ಪ್ರಭೇದದ ಜೀವಿಗಳ ಗುಂಪೇ ಜೀವಿಸಂಖ್ಯೆ. ಈ ವ್ಯಾಖ್ಯೆಯಲ್ಲಿ ಮೂರು ಕಟ್ಟುಗಳಿವೆ: ಪ್ರದೇಶ, ಕಾಲ, ಪ್ರಭೇದ. "ನಮ್ಮೂರ ಕೆರೆಯ ಹಕ್ಕಿಗಳು" ಎಂದರೆ ಜೀವಿಸಂಖ್ಯೆಯಲ್ಲ. ಅಲ್ಲಿ ಹಲವು ಪ್ರಭೇದಗಳಿವೆ. "ಬಣ್ಣದ ಕೊಕ್ಕರೆಗಳು" ಎಂದರೂ ಸಾಲದು. ಎಲ್ಲಿ, ಯಾವಾಗ ಎಂದು ಹೇಳಬೇಕು.

ಈ ಎರಡನೆಯ ಕಟ್ಟಿನ, ಅಂದರೆ ಕಾಲದ ಮಹತ್ವಕ್ಕೆ ಹಿಂದೂಪುರದ ಬಳಿ, ಚಿಲಮತ್ತೂರು ಮಂಡಲದಲ್ಲಿರುವ ವೀರಾಪುರವೇ ಸಾಕ್ಷಿ. ಬಣ್ಣದ ಕೊಕ್ಕರೆಗಳು ಅಲ್ಲಿಗೆ ಬಂದು, ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡಿ, ಮರಿಗಳು ಹಾರಲು ಕಲಿತ ಮೇಲೆ ಹೊರಟುಹೋಗುತ್ತವೆ. ಗೂಡು ತುಂಬಿದ ಕಾಲದಲ್ಲಿ ಎಣಿಸಿದವನಿಗೂ ಮರ ಬರಿದಾದ ಮೇಲೆ ಎಣಿಸಿದವನಿಗೂ ಸಿಗುವ ಉತ್ತರ ಬೇರೆ. ಇಬ್ಬರೂ ತಪ್ಪಿಲ್ಲ, ತಿಂಗಳನ್ನು ಬರೆಯದಿದ್ದರೆ ಇಬ್ಬರೂ ತಪ್ಪೇ.

2. ಸಂಖ್ಯೆ ಮತ್ತು ಸಾಂದ್ರತೆ

2011ರ ಜನಗಣತಿಯ ಪ್ರಕಾರ ಅಂದಿನ ಅವಿಭಜಿತ ಅನಂತಪುರ ಜಿಲ್ಲೆಯ ಜನಸಂಖ್ಯೆ 40,81,148. ವಿಸ್ತೀರ್ಣ 19,130 ಚದರ ಕಿ.ಮೀ. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ.) ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸುವಂತೆ ಮಕ್ಕಳಿಗೆ ಹೇಳಿ. ಚದರ ಕಿ.ಮೀ.ಗೆ ಸುಮಾರು 213 ಜನ ಎಂಬ ಉತ್ತರ ಬರುತ್ತದೆ. ಇದೇ ಸಾಂದ್ರತೆ, ಅಂದರೆ ಏಕಮಾನ ವಿಸ್ತೀರ್ಣದಲ್ಲಿರುವ ಜೀವಿಗಳ ಸಂಖ್ಯೆ.

ಅನಂತರ ಕೇಳಿ: "ಹಾಗಾದರೆ ಪ್ರತಿ ಚದರ ಕಿ.ಮೀ.ಯಲ್ಲಿಯೂ 213 ಜನ ಇದ್ದಾರೆಯೇ?" ಬೆಟ್ಟದ ಮೇಲೆ ಯಾರೂ ಇಲ್ಲ, ಪೇಟೆಯಲ್ಲಿ ಕಿಕ್ಕಿರಿದಿದ್ದಾರೆ ಎಂದು ಮಕ್ಕಳೇ ಹೇಳುತ್ತಾರೆ. ಸರಾಸರಿ ಸಾಂದ್ರತೆ ಹಂಚಿಕೆಯನ್ನು ಮರೆಮಾಡುತ್ತದೆ ಎಂಬ ಮಾತು ಇಲ್ಲಿಂದಲೇ ಹೊರಡಬೇಕು. ಹಂಚಿಕೆ ಮೂರು ಬಗೆ. ಕೃಷ್ಣಮೃಗಗಳು ಮೇವಿರುವಲ್ಲಿ ಹಿಂಡಾಗಿ ಇರುವುದು ಗುಂಪು ಹಂಚಿಕೆ. ಕೂರಿಗೆಯಿಂದ ಬಿತ್ತಿದ ಶೇಂಗಾ ಗಿಡಗಳು ಸಾಲಿನಲ್ಲಿ ಸಮ ಅಂತರದಲ್ಲಿರುವುದು ಸಮ ಹಂಚಿಕೆ. ಗಾಳಿಯಲ್ಲಿ ತೇಲಿಬಂದ ಎಕ್ಕದ ಬೀಜ ಬಿದ್ದಲ್ಲಿ ಹುಟ್ಟುವುದು ಯಾದೃಚ್ಛಿಕ ಹಂಚಿಕೆಗೆ ಹತ್ತಿರ. ನಿಸರ್ಗದಲ್ಲಿ ಗುಂಪು ಹಂಚಿಕೆಯೇ ಹೆಚ್ಚು. ಏಕೆಂದರೆ ನೀರು, ನೆರಳು, ಮೇವು ಎಲ್ಲೆಡೆ ಸಮನಾಗಿಲ್ಲ.

3. ನಾಲ್ಕು ಬಾಗಿಲುಗಳು

ಯಾವುದೇ ಜೀವಿಸಂಖ್ಯೆಯನ್ನು ನಾಲ್ಕು ಬಾಗಿಲುಗಳ ಮನೆಯೆಂದು ಭಾವಿಸಬಹುದು. ಎರಡು ಬಾಗಿಲುಗಳಿಂದ ಒಳಗೆ ಬರುತ್ತಾರೆ: ಜನನ ಮತ್ತು ಒಳವಲಸೆ. ಎರಡು ಬಾಗಿಲುಗಳಿಂದ ಹೊರಗೆ ಹೋಗುತ್ತಾರೆ: ಮರಣ ಮತ್ತು ಹೊರವಲಸೆ. ಐದನೆಯ ಬಾಗಿಲಿಲ್ಲ.

ಮುಂದಿನ ಸಂಖ್ಯೆ = ಇಂದಿನ ಸಂಖ್ಯೆ + ಜನನ + ಒಳವಲಸೆ – ಮರಣ – ಹೊರವಲಸೆ

ಈ ಸಮೀಕರಣವನ್ನು ಬಾಯಿಪಾಠ ಮಾಡಿಸುವ ಬದಲು ಉದಾಹರಣೆಗಳಿಗೆ ಬಾಗಿಲು ಗುರುತಿಸುವ ಆಟ ಆಡಿಸಿರಿ. ಬರಗಾಲದಲ್ಲಿ ಕುಟುಂಬವೊಂದು ಬೆಂಗಳೂರಿಗೆ ಗುಳೆ ಹೋಯಿತು: ಯಾವ ಬಾಗಿಲು? ಕೋಳಿರೋಗ ಬಂದು ಕೋಳಿಗಳು ಸತ್ತವು: ಯಾವ ಬಾಗಿಲು? ಮಳೆಯಲ್ಲಿ ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ಮೀನು ಬಂದವು: ಮೇಲಿನ ಕೆರೆಗೆ ಯಾವ ಬಾಗಿಲು, ಕೆಳಗಿನದಕ್ಕೆ ಯಾವುದು? ಒಂದು ಕಡೆಯ ಹೊರವಲಸೆ ಇನ್ನೊಂದು ಕಡೆಯ ಒಳವಲಸೆಯಾಗುತ್ತದೆ ಎಂಬುದು ಈ ಕೊನೆಯ ಪ್ರಶ್ನೆಯಿಂದ ಸ್ಪಷ್ಟವಾಗುತ್ತದೆ.

4. ಕಂಬಳಿಹುಳು ಕಲಿಸುವ ಲೆಕ್ಕ

ರಾಯದುರ್ಗದ ಶೇಂಗಾ ಬೆಳೆಗಾರರ ಮಕ್ಕಳಿಗೆ ಕೆಂಪು ತಲೆ ಕಂಬಳಿಹುಳುವನ್ನು ಪರಿಚಯಿಸಬೇಕಾಗಿಲ್ಲ. ಒಂದು ವರ್ಷ ಕಾಣದ ಹುಳು ಇನ್ನೊಂದು ವರ್ಷ ಹೊಲದಿಂದ ಹೊಲಕ್ಕೆ ಸಾಲುಗಟ್ಟಿ ಸಾಗಿ ಎಲೆಗಳನ್ನು ಬೋಳಿಸುತ್ತದೆ. "ಇಷ್ಟು ಹುಳು ಒಮ್ಮೆಲೇ ಎಲ್ಲಿಂದ ಬಂದವು?" ಎಂಬುದು ಮಕ್ಕಳ ಸಹಜ ಪ್ರಶ್ನೆ.

ಅವುಗಳಲ್ಲಿ ಹೆಚ್ಚಿನವು ಅಲ್ಲಿಯೇ, ಕಾಲಡಿಯ ಮಣ್ಣಿನಲ್ಲಿಯೇ ಇದ್ದವು. ಹಿಂದಿನ ಹಂಗಾಮಿನಲ್ಲಿ ಬಲಿತ ಹುಳು ಮಣ್ಣಿಗಿಳಿದು ಕೋಶವಾಗಿ, ಬೇಸಿಗೆಯುದ್ದಕ್ಕೂ ಸುಪ್ತಾವಸ್ಥೆಯಲ್ಲಿ ಇರುತ್ತದೆ. ಹೊಲದ ಬದುಗಳು, ಮರದ ನೆರಳು ಅದಕ್ಕೆ ಮೆಚ್ಚಿನ ತಾಣ. ಮುಂಗಾರಿನ ಒಳ್ಳೆಯ ಮಳೆಯಾಗಿ ಮಣ್ಣು ನೆನೆದ ಮೇಲೆ ಪತಂಗಗಳು ಸಂಜೆಯ ಹೊತ್ತಿಗೆ ಹೊರಬರುತ್ತವೆ. ಒಂದೊಂದು ಹೆಣ್ಣು ಎಲೆಯ ಅಡಿಯಲ್ಲಿ ಹಲವು ನೂರು ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಕೆಲವೇ ದಿನಗಳಲ್ಲಿ ಅವು ಒಡೆಯುತ್ತವೆ.

ಈಗ ಕರಿಹಲಗೆಯ ಮೇಲೆ ಲೆಕ್ಕ. ಅನುಕೂಲಕ್ಕಾಗಿ ಒಂದು ಹೆಣ್ಣು 600 ಮೊಟ್ಟೆ ಇಡುತ್ತದೆ ಎಂದಿಟ್ಟುಕೊಳ್ಳೋಣ. ಈ ವರ್ಷ ಒಂದು ಜೋಡಿ ಇದ್ದು, ಮುಂದಿನ ವರ್ಷವೂ ಒಂದೇ ಜೋಡಿ ಇರಬೇಕಾದರೆ 600ರಲ್ಲಿ ಎಷ್ಟು ಬದುಕಬೇಕು? ಮಕ್ಕಳು ಮೊದಲು 300, 100 ಎನ್ನುತ್ತಾರೆ. ಸರಿಯಾದ ಉತ್ತರ 2. ಉಳಿದ 598 ಸಾಯಬೇಕು. ಹಕ್ಕಿ, ಇರುವೆ, ಪರತಂತ್ರ ಕಣಜ, ರೋಗ, ಬಿಸಿಲು ಇವು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತವೆ.

2ರ ಬದಲು 6 ಬದುಕಿದವು ಎನ್ನಿ. ಸಾವು ಶೇ. 99.67ರಿಂದ ಶೇ. 99ಕ್ಕೆ ಇಳಿಯಿತು, ಅಷ್ಟೇ. ಆದರೆ ಜೋಡಿಗಳು ವರ್ಷಕ್ಕೆ ಮೂರು ಪಟ್ಟು ಆಗುತ್ತವೆ: 1, 3, 9, 27, 81, 243. ಐದು ವರ್ಷಗಳಲ್ಲಿ ಒಂದು ಜೋಡಿ ಇದ್ದಲ್ಲಿ 243 ಜೋಡಿ! ತಡೆಯಿಲ್ಲದ ಈ ಬೆಳವಣಿಗೆಯನ್ನು ಘಾತೀಯ ಬೆಳವಣಿಗೆ ಎನ್ನುತ್ತೇವೆ. ಸಂಖ್ಯೆ ಏರುವುದು ಹೆಚ್ಚು ಹುಟ್ಟಿದ್ದರಿಂದಲೇ ಎಂದು ತಿಳಿಯಬಾರದು. ಮರಣದ ಬಾಗಿಲು ತುಸು ಮುಚ್ಚಿಕೊಂಡರೂ ಸಾಕು.

ರೈತರ ಹಳೆಯ ಕ್ರಮಗಳ ಅರ್ಥ ಈ ಲೆಕ್ಕದಿಂದ ತೆರೆದುಕೊಳ್ಳುತ್ತದೆ. ಬೇಸಿಗೆಯ ಮಾಗಿ ಉಳುಮೆ ಕೋಶಗಳನ್ನು ಮೇಲೆ ತಂದು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುತ್ತದೆ. ಮೊದಲ ಮಳೆಯ ನಂತರದ ರಾತ್ರಿಗಳಲ್ಲಿ ಬದುವಿನ ಮೇಲೆ ಬೆಂಕಿ ಹಾಕಿದರೆ ಪತಂಗಗಳು ಬೆಳಕಿಗೆ ಬಂದು ಬೀಳುತ್ತವೆ. ಮೊಟ್ಟೆ ಇಡುವ ಮುನ್ನ ಒಂದು ಹೆಣ್ಣು ಸತ್ತರೆ ನೂರಾರು ಮೊಟ್ಟೆ ಇಲ್ಲವಾದಂತೆ. ಬಲಿತ ಹುಳು ಹೊಲ ತುಂಬಿದ ಮೇಲೆ ಸಿಂಪಡಿಸುವ ಔಷಧಕ್ಕೆ ಖರ್ಚು ಹೆಚ್ಚು, ಫಲ ಕಡಿಮೆ; ಅದು ಹುಳುವನ್ನು ತಿನ್ನುವ ಕಣಜ, ಇರುವೆಗಳನ್ನೂ ಕೊಲ್ಲುತ್ತದೆ. ಅಲ್ಲದೆ ಒಬ್ಬ ರೈತ ಮಾತ್ರ ಬೆಂಕಿ ಹಾಕಿದರೆ ಸಾಲದು, ಪಕ್ಕದ ಹೊಲದಿಂದ ಒಳವಲಸೆಯ ಬಾಗಿಲು ತೆರೆದೇ ಇರುತ್ತದೆ. ಊರೆಲ್ಲ ಸೇರಿ ಮಾಡಬೇಕು.

5. ಧಾರಣ ಸಾಮರ್ಥ್ಯ

243ರ ನಂತರ 729, 2187 ಎಂದು ಏರುತ್ತಲೇ ಹೋಗುವುದೇ? ಇಲ್ಲ. ಮೇವು ಮುಗಿಯುತ್ತದೆ, ರೋಗ ಹರಡುತ್ತದೆ. 1798ರಲ್ಲಿ ಇಂಗ್ಲೆಂಡಿನ ಥಾಮಸ್ ಮಾಲ್ಥಸ್ ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯಬಲ್ಲದು ಎಂಬ ವಾದ ಮಂಡಿಸಿದರು. 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್, ಬೆಳವಣಿಗೆ ಮೊದಲು ನಿಧಾನ, ನಡುವೆ ವೇಗ, ಕೊನೆಗೆ ಒಂದು ಮಿತಿಯ ಬಳಿ ಮಂದವಾಗುವ ಸೂತ್ರವನ್ನು ಕೊಟ್ಟರು. ಅದರ ರೇಖೆ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗುತ್ತದೆ. ಆ ಮಿತಿಯೇ ಧಾರಣ ಸಾಮರ್ಥ್ಯ: ಒಂದು ಪ್ರದೇಶವು ತನ್ನ ಸಂಪನ್ಮೂಲ ಕೆಡದಂತೆ ಬಹುಕಾಲ ಸಾಕಬಲ್ಲ ಜೀವಿಗಳ ಸಂಖ್ಯೆ.

ಇದನ್ನು ನಮ್ಮ ಕುರಿಗಾಹಿಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಗುಡ್ಡದ ಹುಲ್ಲು ವರ್ಷಕ್ಕೆ 100 ಕುರಿಗಳಿಗೆ ಸಾಲುತ್ತದೆ ಎಂದು ಭಾವಿಸಿ. 150 ಕುರಿ ಬಿಟ್ಟರೆ ಆ ವರ್ಷ ಹೇಗೋ ನಡೆಯಬಹುದು. ಆದರೆ ಹುಲ್ಲು ಬುಡಮಟ್ಟ ಹೋಗಿ, ಬೀಜ ಉದುರದೆ, ಮಣ್ಣು ಕೊಚ್ಚಿಹೋಗಿ, ಮುಂದಿನ ವರ್ಷ ಅದೇ ಗುಡ್ಡ 80 ಕುರಿಗಳನ್ನಷ್ಟೇ ಸಾಕೀತು. ಮಿತಿ ಮೀರಿದರೆ ಮಿತಿಯೇ ಕುಗ್ಗುತ್ತದೆ. ಅಲ್ಲದೆ ವರ್ಷಕ್ಕೆ ಸರಾಸರಿ ಸುಮಾರು 550 ಮಿ.ಮೀ. ಮಾತ್ರ ಮಳೆ ಬೀಳುವ, ಅದೂ ವರ್ಷದಿಂದ ವರ್ಷಕ್ಕೆ ಏರುಪೇರಾಗುವ ನಮ್ಮ ಸೀಮೆಯಲ್ಲಿ ಧಾರಣ ಸಾಮರ್ಥ್ಯ ಒಂದೇ ಗೆರೆಯಾಗಿ ನಿಲ್ಲುವುದಿಲ್ಲ. ಪಠ್ಯದ ಚಿತ್ರದಲ್ಲಿ ಅದು ನೇರ ಗೆರೆ. ಇಲ್ಲಿ ಅದು ಮಳೆಯೊಂದಿಗೆ ಏಳುಬೀಳುವ ಗೆರೆ. ಕುರಿಗಾಹಿ ಹಿಂಡನ್ನು ಹೊಡೆದುಕೊಂಡು ಬೇರೆ ಸೀಮೆಗೆ ಹೋಗುವುದು ಆ ಏಳುಬೀಳಿಗೆ ಕೊಟ್ಟ ಉತ್ತರ.

ಸಂಖ್ಯೆಯನ್ನು ತಡೆಯುವ ಅಂಶಗಳಲ್ಲಿ ಎರಡು ಬಗೆ. ದಟ್ಟಣೆ ಹೆಚ್ಚಿದಂತೆ ಬಲವಾಗುವ ರೋಗ, ಮೇವಿನ ಪೈಪೋಟಿ ಮುಂತಾದವು ಸಾಂದ್ರತಾವಲಂಬಿ. ಹತ್ತಿದ್ದರೂ ಸಾವಿರವಿದ್ದರೂ ಒಂದೇ ಸಮನೆ ಹೊಡೆಯುವ ಬರ, ನೆರೆ, ಬಿಸಿಗಾಳಿ ಸಾಂದ್ರತೆಯನ್ನು ಅವಲಂಬಿಸದವು.

6. ಬಳ್ಳಾರಿ ಜಾಲಿ: ತಡೆಯಿಲ್ಲದ ಅತಿಥಿ

ತೆಲುಗರು ‘ಸರ್ಕಾರು ತುಮ್ಮ’ ಎನ್ನುವ, ನಾವು ‘ಬಳ್ಳಾರಿ ಜಾಲಿ’ ಎನ್ನುವ ಗಿಡ ಬಳ್ಳಾರಿಯದೂ ಅಲ್ಲ, ಸರ್ಕಾರದ್ದೂ ಅಲ್ಲ. ಅದರ ತವರು ಅಮೆರಿಕ ಖಂಡ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಒಣಸೀಮೆಗೆ ಉರುವಲಾಗಲೆಂದು ಅದನ್ನು ಇಲ್ಲಿಗೆ ತಂದರು. ಮೇಕೆ, ದನಗಳು ಅದರ ಸಿಹಿ ಕಾಯಿಗಳನ್ನು ತಿಂದು, ಸಗಣಿ ಹಿಕ್ಕೆಗಳ ಮೂಲಕ ಬೀಜವನ್ನು ಊರೂರಿಗೆ ಹಂಚುತ್ತವೆ: ಇದು ಒಳವಲಸೆಯ ಬಾಗಿಲು. ಎಲೆಯನ್ನು ಅವು ಹೆಚ್ಚಾಗಿ ಮುಟ್ಟುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ: ಮರಣದ ಬಾಗಿಲು ಅರ್ಧ ಮುಚ್ಚಿದೆ. ಹೊರಗಿನಿಂದ ಬಂದ ಪ್ರಭೇದ ಹೀಗೇಕೆ ಹಬ್ಬುತ್ತದೆ ಎಂಬುದಕ್ಕೆ ನಾಲ್ಕು ಬಾಗಿಲುಗಳೇ ಉತ್ತರ. ಬಡವರ ಒಲೆಗೆ ಅದೇ ಸೌದೆ ಎಂಬುದನ್ನೂ ತರಗತಿಯಲ್ಲಿ ಹೇಳಬೇಕು. ಮಕ್ಕಳ ಮನೆಯ ಅನುಭವವನ್ನು ಅಲ್ಲಗಳೆಯಬಾರದು.

7. ಚಟುವಟಿಕೆಗಳು

ಅ) ಚೌಕದ ಎಣಿಕೆ. ಹಗ್ಗದಿಂದ 1 ಮೀಟರ್ ಉದ್ದಗಲದ ಚೌಕ ಮಾಡಿ, ಶಾಲೆಯ ಬಯಲಿನಲ್ಲಿ ಐದು ಕಡೆ ಇರಿಸಿ, ತುಂಬೆ ಅಥವಾ ಕಾಂಗ್ರೆಸ್ ಗಿಡಗಳನ್ನು ಎಣಿಸಲಿ. 3, 0, 7, 1, 4 ಬಂದರೆ ಸರಾಸರಿ 3. ಬಯಲು 400 ಚದರ ಮೀಟರ್ ಇದ್ದರೆ ಅಂದಾಜು 1200 ಗಿಡಗಳು. ಗಿಡ ಕಂಡಲ್ಲಿಯೇ ಚೌಕ ಇಡುವ ಆಸೆ ಮಕ್ಕಳಿಗೆ ಬರುತ್ತದೆ. ಹಾಗೆ ಮಾಡಿದರೆ ಅಂದಾಜು ಏರುತ್ತದೆ. ಬೆನ್ನ ಹಿಂದಕ್ಕೆ ಕಲ್ಲೆಸೆದು ಅದು ಬಿದ್ದಲ್ಲಿ ಇಡಲು ಹೇಳಿ. ಹಿಂದೆ ಯಾರೂ ನಿಂತಿರದಂತೆ ನೋಡಿಕೊಳ್ಳಿ. 0 ಬಂದ ಚೌಕವನ್ನು ಬಿಡಬಾರದು. ಅದೂ ಒಂದು ಎಣಿಕೆ.

ಆ) ಹುಣಸೆ ಬೀಜದ ಗಡಿಗೆ. ಓಡಾಡುವ ಪ್ರಾಣಿಯನ್ನು ಚೌಕದಲ್ಲಿ ಎಣಿಸಲಾಗದು. ಡೆನ್ಮಾರ್ಕಿನ ಮತ್ಸ್ಯವಿಜ್ಞಾನಿ ಪೀಟರ್ಸನ್ 1890ರ ದಶಕದಲ್ಲಿ ಮೀನುಗಳಿಗೆ ಗುರುತು ಹಾಕಿ ಬಿಡುವ ವಿಧಾನವನ್ನು ಬಳಸಿದರು. ಗಡಿಗೆಯೊಂದರಲ್ಲಿ ಹುಣಸೆ ಬೀಜ ತುಂಬಿ. 40 ಬೀಜ ತೆಗೆದು ಸುಣ್ಣದ ಚುಕ್ಕೆ ಇಟ್ಟು, ಒಣಗಿದ ಮೇಲೆ ಮರಳಿ ಹಾಕಿ ಚೆನ್ನಾಗಿ ಕಲಸಿ. ಕಣ್ಣು ಮುಚ್ಚಿ 50 ಬೀಜ ತೆಗೆಯಿರಿ. ಅವುಗಳಲ್ಲಿ 8ಕ್ಕೆ ಚುಕ್ಕೆ ಇದ್ದರೆ, ಒಟ್ಟು ಅಂದಾಜು 40 × 50 ÷ 8 = 250. ಕೊನೆಗೆ ಗಡಿಗೆ ಬೋರಲು ಹಾಕಿ ಎಣಿಸಿ ಹೋಲಿಸಿರಿ. ಅನಂತರ ಒಂದು ತಂಟೆ ಮಾಡಿ: ಎರಡನೆಯ ಸಲ ತೆಗೆಯುವ ಮುನ್ನ ಮಕ್ಕಳಿಗೆ ಕಾಣದಂತೆ ಒಂದು ಹಿಡಿ ಹೊಸ ಬೀಜ ಸೇರಿಸಿ. ಉತ್ತರ ಏಕೆ ಬದಲಾಯಿತೆಂದು ಅವರೇ ಕಂಡುಹಿಡಿಯಲಿ. ನಡುವೆ ಯಾವ ಬಾಗಿಲೂ ತೆರೆದಿರಬಾರದು ಎಂಬುದೇ ಈ ವಿಧಾನದ ಷರತ್ತು.

ಇ) ಅಜ್ಜ ಅಜ್ಜಿಯರ ನೆನಪು. "ನೀವು ಚಿಕ್ಕವರಿದ್ದಾಗ ಊರ ಸುತ್ತ ಯಾವ ಪ್ರಾಣಿ ಹೆಚ್ಚಿತ್ತು, ಈಗ ಯಾವುದು ಕಡಿಮೆ?" ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಲಿ. ಪ್ರತಿ ಉತ್ತರದ ಎದುರು ‘ಯಾವ ಬಾಗಿಲು?’ ಎಂಬ ಅಂಕಣ ಇರಲಿ. ನೆನಪು ಎಣಿಕೆಯಲ್ಲ ಎಂಬುದನ್ನು ತಿಳಿಸಿ. ಆದರೆ ಎಲ್ಲಿ ಎಣಿಸಬೇಕೆಂದು ತೋರಿಸುವುದು ನೆನಪೇ.

8. ಮತ್ತೆ ಆ ಪ್ರಶ್ನೆಗೆ

ಈಗ ಆ ಹುಡುಗಿಯ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಅವಳು ಜಿಂಕೆ ಎಂದದ್ದು ಕೃಷ್ಣಮೃಗವನ್ನು. ಅದು ಆಂಧ್ರಪ್ರದೇಶದ ರಾಜ್ಯಪ್ರಾಣಿ. ಮಡಕಶಿರಾ ಸೀಮೆಗೆ ತಗುಲಿದಂತೆ, ಗಡಿಯಾಚೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಗಾವಲಿದೆ. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೃಷ್ಣಮೃಗಕ್ಕೆ ರಾಜ್ಯದ ಗಡಿಕಲ್ಲು ತಿಳಿಯದು. ಹುಲ್ಲು ಮುಗಿದಲ್ಲಿಂದ ಹೊಲ ಆರಂಭವಾಗುತ್ತದೆ ಎಂಬುದಷ್ಟೇ ತಿಳಿದೀತು.

ಹೋದ ವರ್ಷ ಒಂದು ಹೊಲದ ಸುತ್ತ 30 ಪ್ರಾಣಿಗಳಿದ್ದು, ಅವುಗಳಲ್ಲಿ 15 ಬೆಳೆದ ಹೆಣ್ಣುಗಳು ಎಂದು ಭಾವಿಸಿ. ಈ ವರ್ಷ 90 ಕಂಡವು. ಕೃಷ್ಣಮೃಗ ಸಾಮಾನ್ಯವಾಗಿ ಸಲಕ್ಕೆ ಒಂದೇ ಮರಿ ಹಾಕುತ್ತದೆ. ಗರ್ಭದ ಅವಧಿ ಸುಮಾರು 6 ತಿಂಗಳು. ಪ್ರತಿ ಹೆಣ್ಣೂ ವರ್ಷಕ್ಕೆ ಎರಡು ಸಲ ಈದು, ಒಂದೂ ಸಾಯದೆ ಉಳಿದರೂ 30 ಮರಿ, ಒಟ್ಟು 60. ಉಳಿದ 30 ಹುಟ್ಟಿ ಬಂದವಲ್ಲ, ನಡೆದು ಬಂದವು. ಅಂದರೆ ಆ ಹೊಲದಲ್ಲಿ ಹೆಚ್ಚಾಗಿವೆ, ಸೀಮೆಯಲ್ಲಿ ಅಷ್ಟು ಹೆಚ್ಚಾಗಿವೆ ಎನ್ನಲಾಗದು. ಬೇರೆಲ್ಲೋ ಮೇವಿನ ಬಯಲು ಉತ್ತುಹೋಗಿರಬಹುದು, ಬೇಲಿ ಬಿದ್ದಿರಬಹುದು, ಮಳೆ ಕೈಕೊಟ್ಟಿರಬಹುದು. ಕಂಬಳಿಹುಳುವಿನಂತೆ ನೂರಾರು ಹಡೆಯುವ ಜೀವಿಯನ್ನೂ ಒಂದೊಂದೇ ಹಡೆಯುವ ಜೀವಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯದು ಕುಸಿದರೂ ಬೇಗ ಎದ್ದು ನಿಲ್ಲುತ್ತದೆ. ಎರಡನೆಯದು ಕುಸಿದರೆ ಏಳಲು ವರ್ಷಗಳೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲ ಅನುಸೂಚಿಯಲ್ಲಿ ಇರಿಸಿರುವುದರ ಔಚಿತ್ಯ ಇದರಿಂದ ಅರ್ಥವಾಗುತ್ತದೆ.

ಆದರೆ ರಾತ್ರಿಯಿಡೀ ಹೊಲ ಕಾಯುವ ತಂದೆಯ ಮಗಳಿಗೆ "ಸುಂದರ ಪ್ರಾಣಿ, ಉಳಿಸಬೇಕು" ಎಂಬ ಒಂದೇ ಮಾತು ಸಾಲದು. ಬೆಳೆ ಹೋದದ್ದು ನಿಜವಾದ ನಷ್ಟವೆಂದು ಶಿಕ್ಷಕರು ಮೊದಲು ಒಪ್ಪಬೇಕು. ಅನಂತರವೇ "ಯಾವ ಬಾಗಿಲು ತೆರೆಯಿತು?" ಎಂಬ ಪ್ರಶ್ನೆ. ಒಳವಲಸೆಯೇ ಕಾರಣವಾದರೆ ಕೊಲ್ಲುವುದರಿಂದ ಹೊಲ ಉಳಿಯದು. ಖಾಲಿಯಾದ ಜಾಗಕ್ಕೆ ಇನ್ನಷ್ಟು ಬಂದಾವು. ಬಯಲು ಉಳಿದರೆ ಹೊಲವೂ ಉಳಿದೀತು.

9. ಶಿಕ್ಷಕರಿಗೆ ಎರಡು ಎಚ್ಚರಿಕೆಗಳು

ಮೊದಲನೆಯದು: ಜೀವಿಸಂಖ್ಯೆಯ ಪಾಠವನ್ನು ಮನುಷ್ಯರಿಗೆ ಹೊಂದಿಸುವಾಗ, ದೊಡ್ಡ ಕುಟುಂಬದ ಅಥವಾ ಗುಳೆ ಹೋಗುವ ಮನೆಯ ಮಗುವಿನ ಕಡೆ ತರಗತಿಯ ಕಣ್ಣು ಹೊರಳದಂತೆ ನೋಡಿಕೊಳ್ಳಬೇಕು. ಮನುಷ್ಯರು ಉಪಾಯದಿಂದ, ಹಂಚಿಕೆಯಿಂದ ಧಾರಣ ಸಾಮರ್ಥ್ಯವನ್ನು ಬದಲಿಸಬಲ್ಲರು; ಕೇವಲ ತಲೆ ಎಣಿಸಿ ತೀರ್ಪು ಕೊಡಲಾಗದು. ಎರಡನೆಯದು: ಅಂದಾಜನ್ನು ಸತ್ಯವೆಂದು ಬರೆಸಬಾರದು. ‘ಸುಮಾರು’ ಎಂಬ ಪದ ವಿಜ್ಞಾನದ ದೌರ್ಬಲ್ಯವಲ್ಲ, ಪ್ರಾಮಾಣಿಕತೆ.

10. ಮೌಲ್ಯಮಾಪನ

1. ಕೆರೆಯೊಂದರಲ್ಲಿ ಮೀನುಗಳ ಸಂಖ್ಯೆ ಅರ್ಧಕ್ಕಿಳಿದಿದೆ. ಸಾಧ್ಯವಿರುವ ಕಾರಣಗಳನ್ನು ನಾಲ್ಕು ಬಾಗಿಲುಗಳ ಆಧಾರದಿಂದ ಪಟ್ಟಿ ಮಾಡಿ.
2. 60 ಮಿಡತೆಗಳಿಗೆ ಗುರುತು ಹಾಕಿ ಬಿಡಲಾಯಿತು. ಮರುದಿನ ಹಿಡಿದ 45ರಲ್ಲಿ 9ಕ್ಕೆ ಗುರುತಿತ್ತು. ಒಟ್ಟು ಅಂದಾಜು ಎಷ್ಟು? (ಉತ್ತರ: 300)
3. ಒಂದು ಹೆಣ್ಣು ಕಪ್ಪೆ 1000 ಮೊಟ್ಟೆ ಇಡುತ್ತದೆ. ಕಪ್ಪೆಗಳ ಸಂಖ್ಯೆ ಏಕೆ ಸಾವಿರ ಪಟ್ಟು ಆಗುವುದಿಲ್ಲ?
4. ಬರ ಮತ್ತು ರೋಗ: ಯಾವುದು ಸಾಂದ್ರತಾವಲಂಬಿ? ಕಾರಣ ಕೊಡಿ.

ಉಪಸಂಹಾರ

ಈ ಪಾಠ ಮುಗಿದ ಮೇಲೆ ವಿದ್ಯಾರ್ಥಿಯು ವ್ಯಾಖ್ಯೆಗಳನ್ನು ಮರೆತರೂ ಚಿಂತೆಯಿಲ್ಲ. ಯಾರಾದರೂ "ಇವು ತುಂಬಾ ಹೆಚ್ಚಾಗಿಬಿಟ್ಟಿವೆ" ಎಂದಾಗ, ಅಥವಾ "ಇವು ಈಗ ಕಾಣುವುದೇ ಇಲ್ಲ" ಎಂದಾಗ, "ಯಾವ ಬಾಗಿಲಿನಿಂದ?" ಎಂದು ಕೇಳುವ ಅಭ್ಯಾಸ ಅವನಲ್ಲಿ, ಅವಳಲ್ಲಿ ಉಳಿದರೆ ಸಾಕು. ನಮ್ಮ ಕನ್ನಡ ಶಾಲೆಗಳ ದಾಖಲಾತಿ ಪುಸ್ತಕ ತೆಳುವಾಗುತ್ತಿದೆ ಎಂದು ನಾವು ಕಳವಳಪಡುವಾಗಲೂ ಇದೇ ಪ್ರಶ್ನೆ ಕೇಳಬಹುದು: ಊರಲ್ಲಿ ಮಕ್ಕಳೇ ಕಡಿಮೆಯಾದರೋ, ಬೇರೆ ಕಡೆ ಹೋದರೋ? ಉತ್ತರ ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ.

ಹಿಂದಿನ ಸಾಲಿನ ಪ್ರಶ್ನೆಯನ್ನು ಮಾತ್ರ "ಕೊನೆಯಲ್ಲಿ ನೋಡೋಣ" ಎಂದು ಮುಂದೂಡದಿರೋಣ. ಪಾಠ ಅಲ್ಲಿಂದಲೇ ಆರಂಭವಾಗಬಹುದು.